ಮುಖಪುಟದ ಬಲಗಡೆ

ಧಾರವಾಡ
೯ ಸೆಪ್ಟೆಂಬರ್ ೨೦೨೪

ಆಯಿ,

ಪೂನಮ್ ಟೀಚರ್ ಫೋನಿಗೆ ಮಾಡಿದಾಗೆಲ್ಲ ಅವರು "ನಿಮ್ಮ ತಾಯಿ ಆರಾಮ ಇದ್ದಾರ, ಸಾಲಿಗೆ ಬರತಾರ, ಹೋಗತಾರ" ಅಂತ ಅಷ್ಟೇ ಹೇಳತಾರ. ನಿನ್ನ ಫೋನ್ ಇನ್ನೂ ಬಂದ್ ಅದ. ಇರಲಿ. ಅದನ್ನ ಚಾಲೂ ಮಾಡು ಅಂತ ಹೇಳಲಿಕ್ಕೆ ನಾ ಇದನ್ನ ಬರೀಲಿಕತ್ತಿಲ್ಲ. ಹೆಂಗೂ ಇದು ಕಾಗದದ ಮ್ಯಾಲ ನೋಡೋ ವಿಷಯ, ಕಾಗದದಾಗೇ ಬರದರಾತು ಅನಿಸಿತು.

ನಮ್ಮ 'ನಾದಾಂಗಳ'ದ ಜನೇವರಿ ಸಂಚಿಕಿ ಮುಖಪುಟಕ್ಕ ನಂದೂನ್ನ ಹಾಕಬೇಕು ಅಂತ ಸಂಪಾದಕರು, ಮಲ್ಲಿನಾಥ ಸರ್, ಮೀಟಿಂಗಿನಾಗ ಹೇಳಿದರು. ಅಂವ ಹೋಗಿ ಅಷ್ಟೊತ್ತಿಗೆ ವರ್ಷ ಆಗತದಲ್ಲ. "ಇಷ್ಟು ಸಣ್ಣ ವಯಸ್ಸಿನಾಗ ವಚನಾನೂ ಅಭಂಗಾನೂ ಒಂದೇ ಕೂತಕಿಯೊಳಗ ಹಾಡಿ ಎರಡೂ ಕಡೆಯವರನ್ನ ಕೂಡಸತಿದ್ದ ಹುಡುಗ ನಮ್ಮ ಭಾಗದಾಗ ಮತ್ತೊಬ್ಬ ಇಲ್ಲ" ಅಂದರು. ಎಲ್ಲಾರೂ ನನ್ನ ಕಡೆ ನೋಡಬಾರದು ಅಂತ ಟೇಬಲ್ ನೋಡಕೋತ ಕೂತಿದ್ದರು. "ಮೃಣ್ಮಯಿ, ನಿಮ್ಮ ತಮ್ಮನ ಮುಖಪುಟ, ನೀವೇ ಮಾಡತೀರೋ, ಬ್ಯಾರೆಯವರಿಗೆ ಕೊಡಲೋ?" ಅಂತ ಸರ್ ಕೇಳಿದರು. ನಾ ಮಾಡತೇನಿ ಅಂದೆ. ಬಾಯಿ ಅಂದುಬಿಟ್ಟಿತು. ಆಮ್ಯಾಲ ಚಹಾ ಕುಡದು ಬಂದು ದೀಪಾವಳಿ ಸಂಚಿಕಿ ಪುಟಾ ಜೋಡಿಸಿದೆ.

ಹೋದ ತಿಂಗಳ ಸಂಚಿಕಿ ಇದರ ಜೋಡಿ ಇಟ್ಟೇನಿ. ನೀ ಇಷ್ಟು ವರ್ಷ ಡ್ರಾಯಿಂಗ್ ಕಲಿಸಿದಾಕಿ. ಮುಖಪುಟದಾಗ ಏನ ಛಲೋ ಅದ, ಏನ ತಪ್ಪದ, ನೋಡಿ ಬರಿ. ನಂದೂನ ಫೋಟೊನೂ ಒಂದೆರಡು ಬೇಕು.

ಊಟಾ ಮಾಡತೀಯಲ್ಲ?

ಮೃಣು


ಜಮಖಂಡಿ
೨೨ ಸೆಪ್ಟೆಂಬರ್ ೨೦೨೪

ಮೃಣು,

ಪಾಕೀಟು ಬಂತು. ಸಾಲಿ ವಿಳಾಸಕ್ಕ ಹಾಕಿದ್ದು ಛಲೋ ಮಾಡಿದಿ. ಮನ್ಯಾಗ ಹಗಲೆಲ್ಲ ಯಾರೂ ಇರೂದಿಲ್ಲ, ಪೋಸ್ಟಮನ್ ಬಂದು ಹೊಳ್ಳಿ ಹೋಗತಾನ.

ಮುಖಪುಟ ನೋಡಿದೆ. ಎಂಟನೇತ್ತಾ ಹುಡುಗರ ಪೇಪರ್ ತಿದ್ದಲಿಕ್ಕೆ ಕೂತಿದ್ದೆ, ಅವುಗಳ ನಡುವ ಇಟ್ಟು ನೋಡಿದೆ. ಮ್ಯಾಲ ಪತ್ರಿಕಿ ಹೆಸರು ಕೆಂಪಗ, ದಪ್ಪಗ ಅದ. ಚಿತ್ರದಾಗ ಸಿತಾರ ಹಿಡಕೊಂಡವರ ಮುಖಕ್ಕಿಂತ ಅದೇ ಮೊದಲ ಕಾಣತದ. ಅಂಗಡ್ಯಾಗ ತೂಗಹಾಕೂದಕ್ಕ ಹಂಗ ಬೇಕಾಗತದೇನೋ, ನನಗ ಗೊತ್ತಿಲ್ಲ. ಎಡಕ್ಕ ಒಂದರ ಕೆಳಗೊಂದು ಲೇಖನದ ಹೆಸರು, ಬಲಕ್ಕ ಒಂದು ಹಳದಿ ಗುಂಡು, ಅದರಾಗ 'ವಿಶೇಷ' ಅಂತ. ಕಣ್ಣಿಗೆ ಕೂಡಲಿಕ್ಕೆ ಜಾಗಾ ಇಲ್ಲ. ಪಂಕ್ತ್ಯಾಗ ಎಲ್ಲಾರೂ ಒಮ್ಮೆಲೇ ಬಡಸಲಿಕ್ಕೆ ಬಂದಂಗ ಅದ.

ಇನ್ನ ಆ ಸಿತಾರದವರು. ಕೈ ತಂತಿ ಮ್ಯಾಲ ಇಟ್ಟಾರ, ಮುಖಾ ನನ್ನ ಕಡೆ ಮಾಡಿ ನಗಲಿಕತ್ತಾರ. ಬಾರಸೋ ಮನುಷ್ಯ ಹಿಂಗ ನೋಡವರನ್ನ ನೋಡೂದಿಲ್ಲ. ಅವರು ಬಾರಸಲಿಕತ್ತಿಲ್ಲ, ಫೋಟೊ ತಗಸಗೊಳ್ಳಲಿಕತ್ತಾರ.

ನೀ ಕೇಳಿಲ್ಲ, ಆದರೂ ಫೋನಿನ ಮಾತು ಹೇಳತೇನಿ. ಅದು ರಿಂಗ್ ಆದರ ನನ್ನ ಕೈ ಅದರ ಕಡೆ ಹೋಗೂದಿಲ್ಲ. ಸಿಟ್ಟಿಲ್ಲ, ಅಂಜಿಕಿನೂ ಅಲ್ಲ. ಆ ದಿನ ಅದರಾಗ ಯಾರೋ "ನಂದಕಿಶೋರ ಅವರ ಮನಿಯವರೇನ್ರಿ?" ಅಂತ ಕೇಳಿದರು. ನಾ "ಹೌದ್ರಿ" ಅಂದೆ. ಅಷ್ಟೇ.

ಫೋಟೊ ಕಪಾಟಿನಾಗ ಅವ. ಕಪಾಟು ತಗದಿಲ್ಲ. ತಗೀಬೇಕು ಅನಸೂದೂ ಇಲ್ಲ, ತಗೀಬಾರದು ಅನಸೂದೂ ಇಲ್ಲ.

ಊಟಾ ಮಾಡತೇನಿ. ಹೊತ್ತಿಗೆ ಸರಿಯಾಗಿ ಮಾಡತೇನಿ. ರುಚಿ ಏನಂತ ಕೇಳಬ್ಯಾಡ.

ಆಯಿ


ಧಾರವಾಡ
೧೧ ಅಕ್ಟೋಬರ್ ೨೦೨೪

ಆಯಿ,

ಕಪಾಟು ತಗೀಬ್ಯಾಡ. ಫೋಟೊ ಸಿಕ್ಕದ.

ಬನಹಟ್ಟ್ಯಾಗ ಶಿವಪುತ್ರ ಅಂತ ಒಬ್ಬರು ಫೋಟೊಗ್ರಾಫರ್ ಇದ್ದಾರ. ಆ ದಿನ ಸಂಜಿಮುಂದ ಅಲ್ಲೆ ನೇಕಾರರ ಸಂಘದ ಹೊಸ ಕಟ್ಟಡದ ಕಾರ್ಯಕ್ರಮದಾಗ ನಂದು ಹಾಡಿದ್ದನಲ್ಲ, ಅದರ ಫೋಟೊ ಅವರೇ ತಗದದ್ದು. ಕೇಳಿದ ಕೂಡಲೇ ಕಳಿಸಿಕೊಟ್ಟರು. ಅದರ ನಂತರದ್ದು ನಿನಗೂ ಗೊತ್ತದ, ನನಗೂ ಗೊತ್ತದ. ಬರೀಲಿಕ್ಕೆ ಬರತದೋ ಇಲ್ಲೋ ಅಂತ ಇಲ್ಲೆ ಒಮ್ಮೆ ಬರದು ನೋಡತೇನಿ. ಹಾಡು ಮುಗಿಸಿ ಬೈಕ್ ಮ್ಯಾಲ ಜಮಖಂಡಿಗೆ ಹೊಂಟಿದ್ದ. ಕಬ್ಬು ಹೇರಿದ ಟ್ರೇಲರ್ ಒಂದು ಕೆಟ್ಟು ರಸ್ತಾದ ಮ್ಯಾಲೇ ನಿಂತಿತ್ತು. ಹಿಂದ ದೀಪ ಇರಲಿಲ್ಲ.

ಬರೀಲಿಕ್ಕೆ ಬಂತು. ಏನೂ ಆಗಲಿಲ್ಲ.

ಮೊದಲನೇ ನಮೂನಿ ಮಾಡಿ ಪ್ರಿಂಟ್ ತಗದು ಕಳಸೇನಿ. ಮುಖಾ ಅಷ್ಟೇ ಕತ್ತರಿಸಿ ಪುಟದ ತುಂಬ ದೊಡ್ಡದು ಮಾಡೇನಿ. ಹಿಂದ ಶಾಮಿಯಾನಾ, ಬ್ಯಾನರ್, ಟ್ಯೂಬಲೈಟ್ ಇದ್ದವು, ಎಲ್ಲಾ ತಗದು ಕರೇದು ಮಾಡಿದೆ. ಕೆಳಗ ಹಳದಿ ಅಕ್ಷರದಾಗ ಹೆಸರು. ಹಿಂದ ತಂಬೂರಿ ಹಿಡಕೊಂಡು ಯಾರೋ ಕೂತಿದ್ದರು, ಅವರನ್ನೂ ತಗದೇನಿ. ಮಲ್ಲಿನಾಥ ಸರ್‌ಗೆ ಸೇರಿತು. "ನೋಡಿದವರು ನಿಲ್ಲತಾರ" ಅಂದರು. ನಾ ಮಾಡಿದ ಕೆಲಸ ಛಲೋ ಆಗೇದೋ ಇಲ್ಲೋ ಅಂತ ನನಗ ಮೊದಲೆಲ್ಲ ತಾನಾಗೇ ಗೊತ್ತಾಗತಿತ್ತು. ಇದು ಗೊತ್ತಾಗವಲ್ತು.

ನೋಡಿ ಹೇಳು.

ಮೃಣು


ಜಮಖಂಡಿ
೨೮ ಅಕ್ಟೋಬರ್ ೨೦೨೪

ಮೃಣು,

ನಿನ್ನ ಪಾಕೀಟು ಸ್ಟಾಫ್ ರೂಮಿನ ನನ್ನ ಡ್ರಾಯರಿನಾಗ ಭಾಳ ದಿವಸ ಇತ್ತು. ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಾಗ ಒಡದೆ. ಪೂನಮ್ ಎದುರಿಗೆ ಇದ್ದಳು. ನನ್ನ ಮುಖಾ ನೋಡಿ ಎದ್ದು ಹೊರಗ ಹೋದಳು. ಆಕಿ ಏನ ಕಂಡಳೋ ಗೊತ್ತಿಲ್ಲ, ನಾ ಡಬ್ಬಿ ಮುಚ್ಚಿ ಕೈ ಒರಸಿಕೊಂಡು ನೋಡಲಿಕ್ಕೆ ಕೂತೆ ಅಷ್ಟೇ. ಹುಡುಗರ ಚಿತ್ರ ನೋಡಿದಂಗ ನೋಡಿದೆ. ಬ್ಯಾರೆ ರೀತಿ ನೋಡಲಿಕ್ಕೆ ಆಗತದೇನಂತ ಕಾಯ್ದೆ. ಆಗಲಿಲ್ಲ. ಇದನ್ನ ನಿನಗ ತಿಳಿದಿರಲಿ ಅಂತ ಬರದೇನಿ, ನೀ ಹೆದರಬೇಕಂತ ಅಲ್ಲ.

ಕರೇ ಬಣ್ಣಾ ತಗಿ. ಕರೇದರ ನಡುವ ಮುಖಾ ಇಟ್ಟರ ಹೆಸರು ಓದೋ ಮೊದಲೇ ಇವರು ತೀರಿಹೋಗ್ಯಾರ ಅಂತ ಗೊತ್ತಾಗತದ. ಆ ಹೊತ್ತಿನಾಗ ಅಂವ ಹಾಡಲಿಕತ್ತಿದ್ದ. ಬ್ಯಾನರ್ ಇರಲಿ, ಟ್ಯೂಬಲೈಟ್ ಇರಲಿ. ನಮ್ಮ ಕಡೆ ಹಾಡವರು ಟ್ಯೂಬಲೈಟಿನ ಕೆಳಗೇ ಹಾಡತಾರ.

ಮುಖಾ ಇಷ್ಟು ದೊಡ್ಡದು ಯಾಕ ಬೇಕು? ಸಣ್ಣದು ಮಾಡಿದರ ನೋಡವರು ತಾವೇ ಹತ್ತರ ಬರತಾರ. ಕತ್ತರಿ ಭುಜದ ಮ್ಯಾಲ ಹಾಯದದ. ತೋಳು ಎತ್ತ ಹೊಂಟಿತ್ತು ಗೊತ್ತಾಗೂದಿಲ್ಲ.

ಬಲಗಡೆ ಮ್ಯಾಲಿನ ಮೂಲಿಯೊಳಗ ಕಂದು ಬಣ್ಣದ ಒಂದು ಪಟ್ಟಿ ಉಳದದ. ತಂಬೂರಿ ಕೊರಳು. ನೀ ಅದನ್ನ ತಗೀಲಿಕ್ಕೆ ಮರತೀ. ಅವನ ಕುತ್ತಿಗಿ ತಿರುಗಿದ್ದು ಅದರ ಕಡೆ, ಕಣ್ಣು ಅದರ ಕಡೆ. ನೀ ಆ ಕಡೆ ಇದ್ದದ್ದನ್ನ ತಗದು ಕರೇದು ಮಾಡಿದ್ದಕ್ಕ ಅಂವ ಏನೋ ಕಳಕೊಂಡವರಂಗ ಕಾಣತಾನ.

ಪೂರ್ತಿ ಫೋಟೊ ಕಳಸು.

ಆಯಿ


ಧಾರವಾಡ
೧೦ ನವೆಂಬರ್ ೨೦೨೪

ಆಯಿ,

ಪೂರ್ತಿ ಫೋಟೊ ಇದರಾಗ ಅದ. ನೋಡೋ ಮೊದಲ ಇದನ್ನ ಓದು.

ತಂಬೂರಿ ಹಿಡಕೊಂಡಾಕಿ ಹೆಸರು ರೇಷ್ಮಾ. ಮುಧೋಳದಾಕಿ. ಅವರ ಅಪ್ಪ ಗಂಗಾರಾಮ ಅಂತ, ತಾಲೂಕು ಕಚೇರಿಯೊಳಗ ಇದ್ದಾರ. ಆಕಿ ತಿಮ್ಮಾಪುರದ ನಾಯಿ ತಳಿ ಕೇಂದ್ರದಾಗ ಮರಿಗಳನ್ನ ನೋಡಿಕೊಳ್ಳೋ ಕೆಲಸ ಮಾಡತಾಳ. ಹಾಡತಾಳ ಕೂಡ. ನಂದೂನ ಜೋಡಿ ತಂಬೂರಿಗೆ ಕೂಡಲಿಕ್ಕೆ ಹತ್ತಿ ಎರಡು ವರ್ಷದ ಮ್ಯಾಲಾಗಿತ್ತು.

ಹೋದ ವರ್ಷದ ದಸರಾಕ್ಕ ಅಂವ ಇಲ್ಲೆ ಧಾರವಾಡಕ್ಕ ಬಂದಾಗ, ಆಕಿನ್ನ ಲಗ್ನ ಆಗಬೇಕಂತ ಇದ್ದೇನಿ ಅಂತ ನನಗ ಹೇಳಿದ್ದ. "ಆಯಿಗೆ ಹೇಳೀಯೇನು?" ಅಂತ ಕೇಳಿದೆ. "ಸಂಕ್ರಾಂತಿ ಮುಗೀಲಿ, ನಾನೇ ಹೇಳತೇನಿ, ನೀ ನಡುವ ಬರಬ್ಯಾಡ" ಅಂದ. ನಾ ನಡುವ ಬರಲಿಲ್ಲ. ಆಮ್ಯಾಲ ಹೇಳಲಿಕ್ಕೆ ಒಂದು ಹೊತ್ತು ಅಂತ ಸಿಗಲಿಲ್ಲ. ಸತ್ತವರ ಇಂಥ ಮಾತನ್ನ ಯಾವಾಗ ಹೇಳಬೇಕು, ಹನ್ನೆರಡನೇ ದಿನಾನೋ, ತಿಂಗಳಾದ ಮ್ಯಾಲೋ?

ನೀ ಏನ ಅಂತಿದ್ದೀ ಅನ್ನೂದು ಅವಗ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ. ಈಗ ಅದನ್ನ ಕೇಳಿ ಏನೂ ಆಗಬೇಕಾಗಿಲ್ಲ.

ಮಲ್ಲಿನಾಥ ಸರ್ ಅನ್ನೂದು, ಮುಖಪುಟಕ್ಕ ಒಬ್ಬರೇ ಇರಬೇಕು.

ಮೃಣು


ಜಮಖಂಡಿ
೨೪ ನವೆಂಬರ್ ೨೦೨೪

ಮೃಣು,

ಮೊದಲ ಓದಿದೆ, ಆಮ್ಯಾಲ ನೋಡಿದೆ.

ನಂದು ಎಡಕ್ಕ, ಮುಂದ. ಆಕಿ ಬಲಕ್ಕ, ಹಿಂದ, ಒಂದು ಗೇಣು ಮ್ಯಾಲ. ಆಕಿ ತಲಿ ಬಾಗಿಸಿ ತಂಬೂರಿಗೆ ಕಿವಿ ಹಚ್ಚ್ಯಾಳ, ಅಂವ ತಿರುಗಿ ಆಕಿನ್ನ ನೋಡಲಿಕತ್ತಾನ, ಬಾಯಿ ತೆರದದ. ಇಬ್ಬರ ನಡುವ ಬಿಳೀ ಶಾಮಿಯಾನಾದ ಅರಿವಿ ಅಷ್ಟೇ ಅದ, ಮತ್ತೇನೂ ಇಲ್ಲ. ಚಿತ್ರ ಇರೂದು ಆ ಅರಿವಿ ಮ್ಯಾಲ. ನಾ ಮೂವತ್ತು ವರ್ಷ ಹುಡುಗರಿಗೆ ಖಾಲಿ ಜಾಗಾ ಬಿಡರಿ ಅಂತ ಹೇಳೇನಿ, ಯಾರೂ ಬಿಡೂದಿಲ್ಲ, ಒಂದು ಗಿಡನೋ ಸೂರ್ಯನ್ನೋ ಹಾಕಿಬಿಡತಾರ. ಆ ಫೋಟೊದವರು ಬಿಟ್ಟಾರ.

ಇಬ್ಬರನ್ನೂ ಹಾಕು. ನಡುವಿನ ಜಾಗಾದಾಗ ಒಂದಕ್ಷರಾನೂ ಬರೀಬ್ಯಾಡ. ನಂದೂನ ತಾಯಿ ಹಿಂಗ ಹೇಳ್ಯಾರ ಅಂತ ನಿಮ್ಮ ಸಂಪಾದಕರಿಗೆ ಹೇಳು.

ಆಕಿನ್ನ ನಾ ನೋಡೇನಿ. ಮೂರನೇ ದಿನ ಹೆಣ್ಣಮಕ್ಕಳ ಜೋಡಿ ಬಂದಿದ್ದಳು. ಹಿತ್ತಲ ನಳದ ಕೆಳಗ ಕೂತು ಭಾಂಡಿ ತಿಕ್ಕಿದಳು. ನಾ ಸಂಗೀತ ಸಾಲಿ ಹುಡುಗಿ ಇರಬೇಕು ಅಂದುಕೊಂಡೆ. ಭಾಂಡಿ ಮುಗಿಯೂತನಕ ತಲಿ ಎತ್ತಲಿಲ್ಲ, ಚಹಾ ಕೊಟ್ಟರ ಬ್ಯಾಡ್ರಿ ಅಂದು ಹೋದಳು. ಇಷ್ಟೇ ನೆನಪದ.

ನಾ ಏನ ಅಂತಿದ್ದೆ ಅಂತ ಬರದಿದ್ದೀ. ಮೊದಲ ಬ್ಯಾಡ ಅಂತಿದ್ದೆ ಅನಸತದ. ಆಮ್ಯಾಲ ಏನ ಅಂತಿದ್ದೆ ಅನ್ನೂದು ಅಂವ ಇದ್ದಿದ್ದರ ಗೊತ್ತಾಗತಿತ್ತು.

ಆಯಿ


ಧಾರವಾಡ
೧ ಡಿಸೆಂಬರ್ ೨೦೨೪

ಆಯಿ,

ಮಲ್ಲಿನಾಥ ಸರ್ ಒಪ್ಪಿದರು. ಫೋಟೊ ಭಾಳ ಹೊತ್ತು ನೋಡಿ, "ನಿಮ್ಮ ತಾಯಿ ಹೇಳೂದು ಖರೆ" ಅಂದರು. ಆದರ ಆ ಹುಡುಗಿ ಒಪ್ಪಿಗಿ ಬೇಕು ಅಂದರು. ನಾ ಆಕಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಿದ ಕೂಡಲೇ "ಆಮ್ಯಾಲ ಮಾಡತೇನ್ರಿ" ಅಂದು ಇಟ್ಟಳು. ಮತ್ತ ಮಾಡಲಿಲ್ಲ.

ಇನ್ನೊಂದು ಮಾತು. ಶಿವಪುತ್ರ ಹೇಳಿದರು, ಆಕಿಗೆ ಲಗ್ನ ಗೊತ್ತಾಗೇದಂತ. ಹುಡುಗ ರಬಕವಿಯಂವ, ಯುವರಾಜ ಅಂತ, ಬ್ಯಾಂಕಿನಾಗ ಇದ್ದಾನ. ಫೆಬ್ರವರಿಯೊಳಗ ಲಗ್ನ. ಪತ್ರಿಕಿ ಜನೇವರಿಯೊಳಗ ಬರತದ. ರಬಕವಿ, ಬನಹಟ್ಟಿ, ಮುಧೋಳ ಎಲ್ಲಾ ಕಡೆ ನಮ್ಮ ಪತ್ರಿಕಿ ಹೋಗತದ. ನೀ ಹೇಳೋ ಆ ಬಿಳೀ ಜಾಗಾದಾಗ ಜನಾ ಏನೇನು ಓದತಾರ ಅಂತ ನೀನೇ ವಿಚಾರ ಮಾಡು.

ನೀ ಬರದು ಕೇಳತೀಯೇನು? ವಿಳಾಸ ಹಿಂದ ಬರದೇನಿ.

ಮೃಣು


ಜಮಖಂಡಿ
೬ ಡಿಸೆಂಬರ್ ೨೦೨೪

ರೇಷ್ಮಾ ಅವರಿಗೆ,

ನಾನು ನಂದಕಿಶೋರನ ತಾಯಿ, ರಾಧಾಬಾಯಿ. ನನ್ನ ಮಗಳು ಮೃಣ್ಮಯಿ ನಿಮಗ ಫೋನ್ ಮಾಡಿದ್ದು ಇದರ ಸಲುವಾಗಿನೇ.

ಇದರ ಜೋಡಿ ಇರೋ ಫೋಟೊ ಬನಹಟ್ಟಿ ಕಾರ್ಯಕ್ರಮದ್ದು. ಜನೇವರಿಯೊಳಗ 'ನಾದಾಂಗಳ' ಪತ್ರಿಕಿ ಮುಖಪುಟದ ಮ್ಯಾಲ ಇದನ್ನ ಹಾಕಬೇಕಂತ ಇದ್ದಾರ. ಇಬ್ಬರೂ ಇರಬೇಕು ಅಂದಾಕಿ ನಾನು. ನನ್ನ ಮಗ ನನಗ ಏನೂ ಹೇಳಿದ್ದಿಲ್ಲ. ಮಗಳು ಹೇಳಿದಳು, ಈಗ, ಇಷ್ಟು ದಿನಕ್ಕ. ಅದಕ್ಕಿಂತ ಮೊದಲೇ ಫೋಟೊ ನೋಡಿ ಅಲ್ಲೆ ಯಾರೋ ಇದ್ದಾರ ಅಂತ ನನಗ ಗೊತ್ತಾಗಿತ್ತು.

ನಿಮ್ಮ ಲಗ್ನ ಗೊತ್ತಾಗೇದಂತ ಕೇಳಿದೆ. ಛಲೋ ಆತು. ಇದನ್ನ ಬರೀಬೇಕಂತ ಬರದದ್ದಲ್ಲ, ಖರೆ ಹೇಳಿದೆ.

ಫೋಟೊದಾಗ ನೀವು ಇರಬೇಕೋ ಬ್ಯಾಡೋ ನೀವು ಹೇಳಬೇಕು. ಬ್ಯಾಡ ಅಂದರ ಯಾಕ ಅಂತ ಯಾರೂ ಕೇಳೂದಿಲ್ಲ. ಉತ್ತರ ಬರದಿದ್ದರ ಅದನ್ನೂ ಬ್ಯಾಡ ಅಂತನೇ ತಿಳಕೋತೇನಿ.

ರಾಧಾಬಾಯಿ


ಮುಧೋಳ
೧೯ ಡಿಸೆಂಬರ್ ೨೦೨೪

ಅಕ್ಕೋರಿಗೆ ರೇಷ್ಮಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದು ಭಾಳ ದಿನ ಆತ್ರಿ. ಕೇಂದ್ರದಾಗ ಎರಡು ನಾಯಿ ಒಮ್ಮೆಲೇ ಮರಿ ಹಾಕ್ಯಾವು, ಅವಕ್ಕ ಹಾಲು ಕುಡಿಸೋದು, ತೂಕ ಮಾಡೋದು ಎಲ್ಲಾ ನಂದೇ ಐತಿ. ಕೆಲಸ ಇದ್ದರ ನನಗ ಆರಾಮ. ಆದರ ತಡಾ ಆಗಿದ್ದು ಅದಕ್ಕಲ್ರಿ. ಫೋಟೊ ನೋಡಾಕ ಆಗಲಿಲ್ಲ. ಕಾಗದ ಓದಿ ಫೋಟೊ ಮಗುಚಿ ಇಟ್ಟಿದ್ದೆ. ನಿನ್ನಿ ನೋಡಿದೆ.

ಅಕ್ಕೋರೆ, ನೀವು ಅವರು ಹಾಡಾಕತ್ತಾರ ಅಂತ ತಿಳಕೊಂಡಿರಬೇಕು. ಎಲ್ಲಾರೂ ಹಂಗೇ ತಿಳಕೋತಾರ. ಹಾಡಾಕತ್ತಿಲ್ರಿ. ತಂಬೂರಿದು ಜೋಡಿ ತಂತ್ಯಾಗ ಒಂದರ ಶ್ರುತಿ ಇಳದಿತ್ತು. ಹೊಸಾ ಕಟ್ಟಡ, ತಂಪು ಗಾಳಿ ಬಿಡಾಕತ್ತಿತ್ತು. ನನಗ ಗೊತ್ತಾತು, ಆದರ ನಡುವ ಹೆಂಗ ನಿಲ್ಲಿಸೋದು ಅಂತ ಹಂಗೇ ಬಾರಿಸಾಕತ್ತಿದ್ದೆ. ಅವರೇ ಹಾಡು ನಿಲ್ಲಿಸಿ ತಿರುಗಿದರು. ನಾ ಗಡಬಡಿಸಿ ತಂತಿಗೆ ಕಿವಿ ಹಚ್ಚಿದೆ. ಎದುರಿಗೆ ಅಷ್ಟು ಮಂದಿ. ಅವರು ಅಂದರು, "ಸಾವಕಾಶ ಮಾಡು. ಜನಾ ಎಲ್ಲೂ ಹೋಗೂದಿಲ್ಲ."

ಬಾಯಿ ತೆರದದ್ದು ಅದನ್ನ ಹೇಳಾಕ್ರಿ.

ಆಮ್ಯಾಲ ತಂತಿ ಕೂಡಿತು. ಹಾಡಿದರು. ಕಾರ್ಯಕ್ರಮ ಮುಗದ ಮ್ಯಾಲ ಊಟಾ ಮಾಡಿ ಹೋಗು ಅಂತ ಸಂಘದವರು ಅಂದರು, ಮನ್ಯಾಗ ಆಯಿ ಕಾಯತಿರತಾಳ ಅಂತ ಹೊಂಟರು. ನಾ ನಮ್ಮ ಅಪ್ಪನ ಜೋಡಿ ಮುಧೋಳದ ಬಸ್ ಹತ್ತಿದೆ.

ನನ್ನನ್ನ ಫೋಟೊದಾಗಿಂದ ತಗೀರಿ. ಲಗ್ನದ ಸಲುವಾಗಿ ಅಲ್ರಿ. ಯುವರಾಜ ಅವರು ನೋಡಾಕ ಬಂದ ದಿನಾನೇ ನಾ ಅವರಿಗೆ ಎಲ್ಲಾ ಹೇಳೇನಿ. ಅವರು ಪೂರ್ತಿ ಕೇಳಿಸಿಕೊಂಡು "ಆತು" ಅಂದರು, ಮತ್ತ ಎಂದೂ ಆ ಮಾತು ತಗದಿಲ್ಲ. ನಮ್ಮ ಅಪ್ಪ ಮಾತ್ರ ಯಾರಿಗೂ ಗೊತ್ತಾಗೂದು ಬ್ಯಾಡ ಅಂತಾರ. ಅದಕ್ಕೂ ಅಲ್ರಿ. ಪುಟದ ಮ್ಯಾಲ ಬಂದರ ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳತಾರ. ಪ್ರೀತಿ ಅಂತಾರ, ಮತ್ತೇನೋ ಅಂತಾರ. ಹಾಡು ನಿಲ್ಲಿಸಿ ಅವರು ಏನ ಹೇಳಿದರು ಅನ್ನೋದು ನನಗೊಬ್ಬಾಕಿಗೆ ಗೊತ್ತೈತಿ. ಈಗ ನಿಮಗೂ ಹೇಳೇನಿ. ಇಷ್ಟು ಸಾಕ್ರಿ.

ಒಂದು ಕೇಳತೇನಿ. ಮೂರನೇ ದಿನ ನಾ ಹಿತ್ತಲದಿಂದ ಬಂದು ಹಿತ್ತಲದಿಂದ ಹೋದೆ. ಮನಿ ಒಳಗ ಒಮ್ಮೆ ಬರಲೇನ್ರಿ? ಬ್ಯಾಡ ಅಂದರ ಬೇಜಾರಿಲ್ಲ.

ರೇಷ್ಮಾ


ಜಮಖಂಡಿ
೨೩ ಡಿಸೆಂಬರ್ ೨೦೨೪

ಮೃಣು,

ಆಕಿನ್ನ ತಗಿ. ಆಕಿ ಹೇಳ್ಯಾಳ. ಯಾಕ ಅಂತ ಕೇಳಬ್ಯಾಡ, ಕಾರಣ ಛಲೋ ಅದ.

ಹೆಂಗ ತಗೀಬೇಕು ಹೇಳತೇನಿ. ಮೊದಲಿನಂಗ ನಂದೂನ್ನ ದೊಡ್ಡದು ಮಾಡಿ ಜಾಗಾ ತುಂಬಬ್ಯಾಡ. ಅಂವ ಈ ಪೂರ್ತಿ ಫೋಟೊದಾಗ ಎಷ್ಟಿದ್ದಾನೋ ಅಷ್ಟೇ ಇರಲಿ, ಎಡಕ್ಕ, ಎಲ್ಲಿದ್ದಾನೋ ಅಲ್ಲೇ. ಬಲಗಡೆ ಶಾಮಿಯಾನಾದ ಬಿಳೀ ಅರಿವಿ ಹಂಗೇ ಮುಂದುವರಸು. ಅದರ ಮ್ಯಾಲ ಲೇಖನದ ಹೆಸರು ಬ್ಯಾಡ, ಗುಂಡು ಬ್ಯಾಡ, ಶ್ರದ್ಧಾಂಜಲಿ ಅಂತ ಬ್ಯಾಡ. ಹುಟ್ಟಿದ ವರ್ಷ, ಹೋದ ವರ್ಷ ಎರಡರ ನಡುವ ಗೆರಿ ಎಳದು ಹಾಕಬ್ಯಾಡ. ನಂದಕಿಶೋರ ಅಂತ ಕೆಳಗ ಎಡಕ್ಕ, ಸಣ್ಣಗ. ಪತ್ರಿಕಿ ಹೆಸರು ಕೆಂಪಿದ್ದದ್ದು ಬೂದಿ ಬಣ್ಣಕ್ಕ ತರಲಿಕ್ಕೆ ಬರತದೇನು ಕೇಳು.

ಅಂವ ಯಾವ ಕಡೆ ನೋಡಲಿಕತ್ತಾನ ಅಂತ ನೋಡವರಿಗೆ ಗೊತ್ತಾಗೂದಿಲ್ಲ. ಗೊತ್ತಾಗದಿದ್ದರ ನಡೀತದ.

ಅಂವ ಹಾಡಲಿಕತ್ತಾನ ಅಂತ ನಾ ನಿನಗ ಬರದಿದ್ದೆ. ತಪ್ಪು ನೋಡಿದ್ದೆ.

ಆಯಿ


ಧಾರವಾಡ
೮ ಜನೇವರಿ ೨೦೨೫

ಆಯಿ,

ಅಚ್ಚಾತು. ಪ್ರತಿ ಇದರ ಜೋಡಿ ಅವ.

ಪ್ರೆಸ್ಸಿಗೆ ಬಣ್ಣಾ ನೋಡಲಿಕ್ಕೆ ನಾನೇ ಹೋಗಿದ್ದೆ. ಮಶೀನು ಅವನ ಮುಖಾ ಒಂದರ ಮ್ಯಾಲೊಂದು ಒಗೀಲಿಕತ್ತಿತ್ತು. ಸಾಬಣ್ಣ ಅಂತ ಮಶೀನು ನಡಸವರು ಒಂದು ಹಾಳಿ ಎಳದು ದೀಪದ ಕೆಳಗ ಹಿಡದು, "ನೋಡ್ರಿ, ಮುಖಾ ಸ್ವಲ್ಪ ಹಸರ ಹೊಡೀತದೇನು?" ಅಂದರು. ಹೌದ್ರಿ ಅಂದೆ. ಅವರು ಏನೋ ತಿರುವಿದರು. ಮತ್ತೊಂದು ಹಾಳಿ. "ಈಗ?" ಈಗ ಸರಿ ಅದರಿ ಅಂದೆ. ಅವರಿಗೆ ಅಂವ ನನ್ನ ತಮ್ಮ ಅಂತ ಗೊತ್ತಿಲ್ಲ. ಹೇಳಬೇಕು ಅನಿಸಲಿಲ್ಲ. ಮುಖದ ಬಣ್ಣಾ ಸರಿ ಆಗೂತನಕ ನಿಂತೆ, ಸಹಿ ಮಾಡಿ ಬಂದೆ.

ನೀ ಹೇಳಿದಂಗೇ ಮಾಡೇನಿ. ಬಲಗಡೆ ಬಿಳೀದು ಬಿಟ್ಟದ್ದಕ್ಕ ಆಫೀಸಿನಾಗ ಜಗಳ ಆತು. ವಿತರಣಾದವರು "ಅರ್ಧಾ ಮುಖಪುಟ ಖಾಲಿ ಅದ, ಜಾಹೀರಾತು ಬರಬೇಕಿತ್ತೇನು ಅಂತ ಅಂಗಡಿಯವರು ಕೇಳತಾರ" ಅಂದರು. ಮಲ್ಲಿನಾಥ ಸರ್ "ಕೇಳಲಿ" ಅಂದರು.

ನಿನ್ನ ಕಾಗದದ ಕಡೀ ಸಾಲು ಓದಿ ಆಕಿಗೆ ಫೋನ್ ಮಾಡಿ ಕೇಳಲೇನಂತ ಅನಿಸಿತ್ತು. ಕೇಳಲಿಲ್ಲ. ಅಂವ ಏನ ಮಾಡಲಿಕತ್ತಿದ್ದ ಅಂತ ನಿನಗ ಗೊತ್ತಿದ್ದರ ನನಗೂ ಗೊತ್ತಿದ್ದಂಗೇ.

ಅವನ ವರ್ಷದ ದಿನಕ್ಕ, ಹದಿನೇಳನೇ ತಾರೀಖಿಗೆ ಬರತೇನಿ. ಎರಡು ದಿನ ಇರತೇನಿ. ಮಾತಾಡಬೇಕಂತ ಏನಿಲ್ಲ.

ಮೃಣು


ಜಮಖಂಡಿ
೨೭ ಜನೇವರಿ ೨೦೨೫

ಮೃಣು,

ನೀ ಹೋದ ಮ್ಯಾಲ ಹೆಡ್‌ಮಾಸ್ತರು ಮುಖಪುಟ ತಂದು ಸಾಲಿ ನೋಟಿಸ್ ಬೋರ್ಡಿಗೆ ಹಚ್ಚಿಸಿದರು. ನನ್ನ ಕೇಳಲಿಲ್ಲ, ಕೇಳಿದ್ದರೂ ಬ್ಯಾಡ ಅಂತಿರಲಿಲ್ಲ. ಒಂಬತ್ತನೇತ್ತಾ ಹುಡುಗಿ ಒಬ್ಬಾಕಿ "ಅಕ್ಕೋರೆ, ಇಲ್ಲೆ ಇನ್ನೂ ಚಿತ್ರ ತಗೀಬೇಕಾಗೇತೇನ್ರಿ?" ಅಂತ ಬಲಗಡೆ ಬೊಟ್ಟು ಮಾಡಿ ಕೇಳಿದಳು. ಇಲ್ಲವಾ, ಮುಗದದ ಅಂದೆ.

ನಿನ್ನೆ ಐತವಾರ ರೇಷ್ಮಾ ಬಂದಿದ್ದಳು. ನಾನೇ ಬಾ ಅಂತ ಬರದಿದ್ದೆ. ನಾ ಸಾಲ್ಯಾಗ ಝಂಡಾ ಹಾರಿಸೂದು ಮುಗಿಸಿ ಬಂದ ಮ್ಯಾಲ ಬಸ್ಸಿಗೆ ಬಂದಳು. ಮುಂದಿನ ಬಾಗಲಾಗ ಚಪ್ಪಲಿ ಬಿಟ್ಟು ನಿಂತಳು, ನಾ ಒಳಗ ಬಾ ಅನ್ನೂತನಕ. ಎತ್ತರ ಇದ್ದಾಳ. ಫೋಟೊದಾಗ ಕೂತಿದ್ದಕ್ಕ ಗೊತ್ತಾಗಿದ್ದಿಲ್ಲ. ಮುಂಗೈ ತುಂಬ ನಾಯಿಮರಿ ಗೀರಿದ ಗುರುತು.

ನಾ ರೊಟ್ಟಿ ಬಡದೆ, ಆಕಿ ಬದನಿಕಾಯಿ ಹೆಚ್ಚಿಕೊಟ್ಟಳು. ನಂದೂಗ ಬದನಿಕಾಯಿ ಸೇರತಿದ್ದಿಲ್ಲ ಅಂತ ನಾ ಅಂದೆ. "ಇಲ್ರಿ, ಹಾಡಾಕ ಹೋದಲ್ಲಿ ಕೊಟ್ಟರ ತಿಂತಿದ್ದರು" ಅಂದಳು. ಅಂವ ಮನ್ಯಾಗ ಅಷ್ಟೇ ತಿಂತಿದ್ದಿಲ್ಲ ಅಂತ ಈಗ ಗೊತ್ತಾತು. ಊಟಾ ಮಾಡಿದೆವು. ಆಮ್ಯಾಲ ಅವನ ಖೋಲಿ ಯಾವುದು ಅಂತ ಕೇಳಿದಳು. ತೋರಿಸಿದೆ. ಹಾಸಿಗಿ ಅಂಚಿಗೆ ಕೂತಳು. ಅಲ್ಲೆ ಗೋಡಿಗಿ ಒರಗಿಸಿಟ್ಟ ತಂಬೂರಿಯನ್ನ ಮುಟ್ಟಲಿಲ್ಲ. ನಾ ಹೊರಗ ಬಂದು ಪೇಪರ್ ತಿದ್ದಲಿಕ್ಕೆ ಕೂತೆ.

ಭಾಳ ಹೊತ್ತು ಸಪ್ಪಳ ಇಲ್ಲ ಅಂತ ಹೋಗಿ ನೋಡಿದರ ಮಲಗಿಬಿಟ್ಟಿದ್ದಳು. ಕೂತಲ್ಲೇ ವಾಲಿ, ಕಾಲು ನೆಲದ ಮ್ಯಾಲೇ. ಎಷ್ಟು ದಿನದ ನಿದ್ದಿನೋ. ಕಾಲು ಎತ್ತಿ ಮ್ಯಾಲ ಇಟ್ಟೆ, ಎಚ್ಚರಾಗಲಿಲ್ಲ. ಆಕಿ ಉಸಿರಾಡೂದು ಹೊರಗ ಪಡಸಾಲಿತನಕ ಕೇಳತಿತ್ತು. ನಾ ಪೇಪರ್ ತಿದ್ದಿದೆ.

ಬಿಸಲು ಇಳದ ಮ್ಯಾಲ ಎದ್ದಳು. ನಾಚಿಕಿ ಪಟ್ಟಳು. ಬಸ್‌ಸ್ಟ್ಯಾಂಡಿನತನಕ ಜೋಡಿ ಹೋದೆ. ಮುಧೋಳದ ಬಸ್ ನಿಂತಿತ್ತು. ಆಕಿ ಹತ್ತಿ ಕಿಡಕಿ ಹತ್ತರ ಕೂತಳು. ನಾ ಕೆಳಗ ನಿಂತು, ಹದಿನಾಲ್ಕಕ್ಕಲ್ಲ ಲಗ್ನ, ಬರಲೇನು ಅಂತ ಕೇಳಿದೆ. ಮನಿಯಿಂದ ಹೊಂಟಾಗಿಂದ ಕೇಳಬೇಕು ಅಂತ ಇದ್ದೆ, ಹೋಗಿ ಅಕ್ಷತಿ ಹಾಕಿ ಬಂದರ ಆಕಿಗೆ ಈ ಮನಿ ಋಣಾ ತೀರಿದಂಗ ಆಗತದ ಅಂತ ನನ್ನ ವಿಚಾರ ಇತ್ತು.

ಆಕಿ ಕಿಡಕಿಗೆ ಬಾಗಿದಳು. ಸರಳಿನ ಮ್ಯಾಲ ಕೈ ಇಟ್ಟು, "ಬರಬ್ಯಾಡ್ರಿ, ಅಕ್ಕೋರೆ" ಅಂದಳು. "ನೀವು ಕೆಳಗ ಮಂದಿ ನಡುವ ಕೂತಿದ್ದರ ನನಗ ಮ್ಯಾಲ ಅಕ್ಷತಿಗೆ ಕೂಡಾಕ ಆಗೂದಿಲ್ಲ."

ಆತು ಅಂದೆ. ಸಿಟ್ಟು ಬರಲಿಲ್ಲ. ಆಕಿ ಜಾಗಾದಾಗ ನಾ ಇದ್ದರ ಹಂಗೇ ಅಂತಿದ್ದೆ. ಹೇಳಲಿಕ್ಕೆ ಧೈರ್ಯ ಆಗತಿತ್ತೋ ಇಲ್ಲೋ. ಕಂಡಕ್ಟರ್ ಸೀಟಿ ಹೊಡದ. ನಾ ಸರಳಿನ ಮ್ಯಾಲಿದ್ದ ಆಕಿ ಕೈ ಹಿಡದೆ. ಬಸ್ ಹೊಂಟಿತು, ಬಿಟ್ಟೆ.

ಅಲ್ಲೆ ನಿಂತಿದ್ದೆ. ಬೀಳಗಿ ಬಸ್ ಬಂತು, ತುಂಬಿತು, ಹೋತು. ಸ್ಟ್ಯಾಂಡಿನ ಹೊರಗ ಗಾಡಿಯಂವ ಮೆಣಸಿನಕಾಯಿ ಭಜಿ ಕರೀಲಿಕತ್ತಿದ್ದ. ಎಣ್ಣಿ ವಾಸನಿ ಬಂತು, ನನಗ ಹಸಿವಾತು, ಮೃಣು. ಊಟಾ ಮಾಡಿದ್ದೆನಲ್ಲ, ಆದರೂ ಹೊಟ್ಟಿ ಹಿಂಡಿದಂಗ ಆತು. ಹೋಗಿ ಒಂದು ತಗೊಂಡೆ. ಪೇಪರಿನಾಗ ಸುತ್ತಿ ಕೊಟ್ಟ. ಆ ಮಂದಿ ನಡುವ ನಿಂತು ತಿಂದೆ. ನಮ್ಮ ಸಾಲಿ ಹುಡುಗರು ಇಬ್ಬರು ನೋಡಿ ನಮಸ್ಕಾರ ಮಾಡಿದರು, ನಾ ಬಾಯಾಗ ಭಜಿ ಇಟ್ಟುಕೊಂಡೇ ಗೋಣು ಹಾಕಿದೆ.

ಬಿಸಿ ಇತ್ತು. ನಾಲಿಗಿ ಸುಟ್ಟಿತು. ಖಾರ ಅಂದರ ಖಾರ, ಕಣ್ಣಾಗ ಮೂಗಿನಾಗ ನೀರು ಬಂತು, ಸೆರಗಿನಿಂದ ಒರಸಿಕೊಂಡೆ, ಮತ್ತ ಬಂತು.

"ನೀರು ಕೊಡಲೇನ್ರಿ?" ಅಂದ ಗಾಡಿಯಂವ.

ಬ್ಯಾಡಪಾ, ಇನ್ನೊಂದು ಕೊಡು ಅಂದೆ.

ಆಯಿ